‘ಇಲ್ಲ’ ಅನ್ನುವ ಕೂರಿಗೆ

“‘ಇಲ್ಲ’ ಅಂತ ಹೆಸರಿಟ್ಟ ಕೂರಿಗೇನ ಯಾವ ಮಂಗ ಕೊಳ್ತಾನೆ, ಮಗಳೇ?” ದೋನ್ ಎವರಿಸ್ತೊ ಗುಡುಗಿದ ರಭಸಕ್ಕೆ ಪಾಂಪಾ ಬಯಲಿನ ಹಸುಗಳೆಲ್ಲ ಹಾಲು ಬತ್ತಿಸಿಕೊಂಡವು. ಉಳದೇ ಬಿತ್ತಲು ಅವನು ಕಟ್ಟಿದ ಯಂತ್ರ ನೋಡಲು ಆಸ್ಟ್ರೇಲಿಯಾದವರು ಗೇಟಿಗೇ ಬಂದಿದ್ದರು. ಅದರ ಹೆಸರು ಬರೆಯಬೇಕಾದ ಇಂಗ್ಲಿಷ್ ಫಲಕ ಇನ್ನೂ ಖಾಲಿ.

ಅನುವಾದಕಿ ಸುಲ್ಮಾ ಸಾವಿರದೊಂದನೇ ಸಲ ಹಲ್ಲು ಕಡಿದಳು. “ನಾವು ಸ್ಪ್ಯಾನಿಷ್‌ನಲ್ಲಿ ‘ನೇರ ಬಿತ್ತನೆ’ ಅಂತೀವಿ, ದೋನ್. ಅದನ್ನೇ ಇಂಗ್ಲಿಷ್‌ನವರು ‘ಉಳುಮೆ ಇಲ್ಲ’ ಅಂತಾರೆ.”

“ನಾನು ಮಾಡಿದ್ದನ್ನ ಬರಿ. ಮಾಡದೇ ಇದ್ದದ್ದನ್ನಲ್ಲ!”

ಅವಳು ಕುಂಚ ಬಿಸಾಕಿದಳು. “ನಿಮ್ಮಪ್ಪ ಸಾಯೋತನಕ ನಿಮ್ಮ ಹತ್ರ ಮಾತಾಡಲಿಲ್ವಲ್ಲ, ಯಾಕೆ? ನೀವು ಬಿತ್ತಿದ್ರಿ ಅಂತಾನಾ, ಉಳಲಿಲ್ಲ ಅಂತಾನಾ?”

ಮಾಟೆ ಎಲೆಯ ಕಷಾಯ ಹೀರುವ ಸೋರೆಬುರುಡೆ ಅವನ ತುಟಿಯ ಹತ್ತಿರವೇ ನಿಂತಿತು. ಮೂರು ಜಿಲ್ಲೆಗೆ ಕೇಳುವ ಆ ಗಂಟಲಿನಿಂದ ಇರುವೆಯಷ್ಟು ದನಿ ಹೊರಟಿತು.

“ಉಳಲಿಲ್ಲ ಅಂತ.”

ಬಗ್ಗಿ ಕುಂಚ ಎತ್ತಿ ಅವಳ ಕೈಗಿಟ್ಟ. “‘ಇಲ್ಲ’ ಅನ್ನೋದನ್ನ ದಪ್ಪಗೆ ಬರಿ.”