ಅವಿರೋಧದ ಊರು

ಸುಬ್ಬರಾಯಪ್ಪ ಪಂಚಾಯಿತಿ ಕಚೇರಿಯ ಮೆಟ್ಟಿಲಿಳಿದು ಬರುತ್ತಿದ್ದ ರೀತಿ ನೋಡಿಯೇ ಶಿವಕುಮಾರನಿಗೆ ವಿಷಯ ತಿಳಿದುಹೋಯಿತು. ಗಂಟೆ ಮೂರಾಗಿತ್ತು. ನಾಮಪತ್ರ ಹಿಂಪಡೆಯುವ ಗಡುವು ಮುಗಿದಿತ್ತು.

"ಆಯಮ್ಮ ಜಪ್ಪಯ್ಯ ಅಂದ್ರೂ ಕದಲಲಿಲ್ಲ ಕಣೋ. ಯಾರೋ ಹಿಂದೆ ನಿಂತವ್ರೆ."

ಇಪ್ಪತ್ತೈದು ವರ್ಷಗಳಿಂದ ಯಲ್ದೂರಿನಾಚೆಯ ಆ ಊರಿನಲ್ಲಿ ಪಂಚಾಯಿತಿಗೆ ಓಟೇ ನಡೆದಿರಲಿಲ್ಲ. ಚುನಾವಣೆ ಬಂತೆಂದರೆ ಸುಬ್ಬರಾಯಪ್ಪನಂಥ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ಒಂದು ಹೆಸರು ಹೇಳುವರು. ಅವನೊಬ್ಬನೇ ಅರ್ಜಿ ಹಾಕುವನು. ಅವಿರೋಧ ಆಯ್ಕೆ. ಜಗಳವಿಲ್ಲದ ಊರೆಂದು ತಾಲ್ಲೂಕಿಗೆಲ್ಲ ಹೆಸರು. ಹಿಂದಿನ ಎರಡು ಸಲವೂ ಕಟ್ಟೆ ಹೇಳಿದ್ದು ಶಿವಕುಮಾರನ ಹೆಸರನ್ನೇ.

ಈ ಸಲ ಇನ್ನೊಂದು ಅರ್ಜಿ ಬಿದ್ದಿತ್ತು. ಹಾಕಿದವಳು ದೊಡ್ಡಗಂಗಮ್ಮ. ಎಪ್ಪತ್ತು ದಾಟಿದರೂ ಮಾವಿನ ತೋಪಿಗೆ ಕೂಲಿಗೆ ಹೋಗುವ ಹೆಂಗಸು.

ಹತ್ತು ವರ್ಷ ಮೆಂಬರಾಗಿದ್ದವನು ಮೊದಲ ಬಾರಿಗೆ ಕೈಮುಗಿದು ಓಟು ಕೇಳಲು ಹೊರಟ. ಮನೆಮನೆಯಲ್ಲೂ ಮಂಗಳಾರತಿ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಎಂದಳು ಕೆಳಗಿನ ಬೀದಿಯ ಮುನಿಶಾಮಮ್ಮ. "ಹತ್ತು ವರ್ಷಕ್ಕೆ ಈ ಮೋರಿ ಇವತ್ತು ಮೂಗಿಗೆ ಬಡೀತಾ?"

ಶಿವಕುಮಾರ್ ಮರುದಿನವೇ ನಿಂತು ಮೋರಿಯ ಹೂಳು ಎತ್ತಿಸಿದ. ಮೇಲಿನ ಬೀದಿಯಲ್ಲಿ ಕೆಟ್ಟುಹೋಗಿದ್ದ ದೀಪ ಸರಿಮಾಡಿಸಿದ. ಕಾಲು ಬಾತಿತು, ಗಂಟಲು ಕಟ್ಟಿತು. ಮನೆಗೆ ಬಂದರೆ ತಟ್ಟೆಯ ಮುಂದೆಯೇ ತೂಕಡಿಕೆ.

ಇಷ್ಟಾದರೂ ದೊಡ್ಡಗಂಗಮ್ಮ ಯಾರ ಬಾಗಿಲಿಗೂ ಹೋಗಲಿಲ್ಲ. ಕರಪತ್ರ ಹಂಚಲಿಲ್ಲ. ತೋಪಿಗೆ ಹೋಗುವ ದಾರಿಯಲ್ಲಿ ಸಿಕ್ಕವರಿಗೆ ಹೇಳುತ್ತಿದ್ದುದು ಒಂದೇ ಮಾತು: "ಓಟಿನ ದಿನ ಬನ್ರಮ್ಮಾ, ತಪ್ಪಿಸ್ಬೇಡಿ." ಏನೂ ಕೇಳದವಳನ್ನು ಕಂಡು ಶಿವಕುಮಾರನಿಗೆ ಇನ್ನಷ್ಟು ದಿಗಿಲಾಯಿತು. ಊರೆಲ್ಲ ಆಗಲೇ ಅವಳ ಕೈಯಲ್ಲಿದೆಯೇನೋ.

ಕೊನೆಗೊಂದು ಸಂಜೆ ತಡೆಯಲಾರದೆ ಅವಳ ಜಗಲಿಯ ಮೇಲೆ ಕುಸಿದು ಕೂತ.

"ದೊಡ್ಡಮ್ಮಾ, ನಾನೇನ್ ತಪ್ಪು ಮಾಡ್ದೆ? ನಿಮ್ಮ ಪಿಂಚಣಿಗೆ ಮೂರು ಸಲ ಶ್ರೀನಿವಾಸಪುರಕ್ಕೆ ಅಲೆದೋನು ನಾನೇ ಅಲ್ವಾ?"

"ನೀನೇ ಕಣಪ್ಪಾ. ಇಲ್ಲ ಅಂದೋರ್ಯಾರು?"

"ಮತ್ತೆ ನನ್ನನ್ನ ಸೋಲಿಸ್ಬೇಕು ಅಂತ ಯಾಕೆ ಹಟ?"

"ಸೋಲಿಸ್ತೀನಿ ಅಂತ ನಾನೆಲ್ಲಂದೆ? ಎಷ್ಟು ಸೊರಗಿದ್ದೀಯ ನೋಡು. ಮಜ್ಜಿಗೆ ಕುಡಿ."

ಅವನು ಕುಡಿಯಲಿಲ್ಲ. ಶತ್ರುವಿನ ಮನೆಯ ಮಜ್ಜಿಗೆ.

ಓಟಿನ ದಿನ ಶಾಲೆಯ ಮುಂದೆ ಬೆಳಗ್ಗೆ ಏಳಕ್ಕೇ ಸಾಲು. ಮುದುಕಿಯರು ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ತೆಗೆದು ಉಟ್ಟು ಬಂದಿದ್ದರು. ಕೆಳಗಿನ ಬೀದಿ, ಮೇಲಿನ ಬೀದಿ ಎಲ್ಲ ಒಂದೇ ಸಾಲಿನಲ್ಲಿ ಬೆವರಿತು. ಸುಬ್ಬರಾಯಪ್ಪನೂ ಮುನಿಶಾಮಮ್ಮನ ಹಿಂದೆ ನಿಲ್ಲಬೇಕಾಯಿತು. "ಮುಂದೆ ಜರುಗಮ್ಮಾ," ಎಂದು ಗೊಣಗಿದರೆ, "ಇದು ಕಟ್ಟೆ ಅಲ್ಲ ಸ್ವಾಮೀ, ಕ್ಯೂ," ಎಂದಳು ಅವಳು.

ಶ್ರೀನಿವಾಸಪುರದಲ್ಲಿ ಎಣಿಕೆ. ಎರಡು ಸಲ ಎಣಿಸಿದರು. ಶಿವಕುಮಾರ್ ಇನ್ನೂರ ಹದಿನಾಲ್ಕು, ದೊಡ್ಡಗಂಗಮ್ಮ ಇನ್ನೂರ ಹದಿಮೂರು.

ಕೊರಳಿಗೆ ಹಾರ ಬಿತ್ತು. ನಗಲು ತ್ರಾಣವಿರಲಿಲ್ಲ. ಗೆಳೆಯರ ಪಟಾಕಿಯನ್ನು ಅಲ್ಲೇ ಬಿಟ್ಟು, ಕಾಲೆಳೆದುಕೊಂಡು ಅವನು ನೇರ ಅವಳ ಮನೆಗೆ ಬಂದ. ಸೋತವಳು ಜಗಲಿಯಲ್ಲಿ ಕೂತು ನೆಮ್ಮದಿಯಾಗಿ ಅವರೆಕಾಯಿ ಸುಲಿಯುತ್ತಿದ್ದಳು.

"ಒಂದೇ ಓಟು, ದೊಡ್ಡಮ್ಮಾ. ಆ ಒಬ್ರು ನಿಮ್ಮ ಕಡೆ ವಾಲಿದ್ದಿದ್ರೆ ಈ ಹಾರ ನಿಮ್ದು."

"ಆ ಒಬ್ರು ನಾನೇ ಕಣಪ್ಪಾ," ಎಂದಳು ದೊಡ್ಡಗಂಗಮ್ಮ. "ನಾನು ನಿಲ್ದೇ ಇದ್ದಿದ್ರೆ, ನಿಂಗೆ ಓಟು ಹಾಕೋದು ಹೆಂಗೆ?"