ರಾಜನ ಹೆಸರು ಕೊಡುವವನು

"'ಇಲ್ಲ' ಅಂದ್ಬಿಡು ಅಣ್ಣಾ. ಒಂದೇ ಮಾತು. ಮಿಕ್ಕಿದ್ದನ್ನ ನಮ್ಮ ಕೊಡಲಿ ನೋಡ್ಕೊಳ್ಳುತ್ತೆ," ಎಂದು ನೆರೆಮನೆಯ ಓನುಂಡ್ ಪಿಸುಗುಟ್ಟಿದ.

ಮುದುಕ ಹಾಲ್‌ಕೆಲ್ ಸಭೆಯ ನಡುವಿನ ಕಟ್ಟೆಯತ್ತ ನೋಡುತ್ತಿದ್ದ. ನಿಡ್ ನದಿ ಕಡಲು ಸೇರುವಲ್ಲಿ ರೈತರ ಸಭೆ ನೆರೆದಿತ್ತು. ಪಟ್ಟ ಕೇಳಿಕೊಂಡು ಬಂದವನಿಗೆ ಇಲ್ಲಿ ಮೊದಲು 'ರಾಜ' ಎಂಬ ಹೆಸರು ಕೊಡುವ ಹಕ್ಕು ಹಾಲ್‌ಕೆಲ್‌ನ ಮನೆತನದ್ದು. ಅವನು ಕೊಟ್ಟರೆ ಉಳಿದವರು ಗುರಾಣಿ ಬಡಿದು ಒಪ್ಪುತ್ತಾರೆ. ಕೊಡದಿದ್ದರೆ, ರಾಜನ ಮಗನೆಂದು ಸುಳ್ಳು ಹೇಳಿಕೊಂಡು ಬಂದವನಿಗೆ ಅಲ್ಲೇ ನೇಣು. ಹೋದ ವರ್ಷದವನ ಹಗ್ಗ ಇನ್ನೂ ಮರದಲ್ಲಿ ನೇತಾಡುತ್ತಿತ್ತು.

ಈ ಸಲ ಬಂದವನು ಹಾರೆಕ್. ಪಡುವಣ ದ್ವೀಪಗಳಲ್ಲಿ ಬೆಳೆದವನು. ಇಲ್ಲಿ ಯಾರೂ ಅವನ ಮುಖ ಕಂಡವರಲ್ಲ. ಹಾಲ್‌ಕೆಲ್‌ನ ಒಬ್ಬನೇ ಮಗ ಕೊಲ್‌ಬೆನ್ ಮೀಸೆ ಮೂಡುವ ಮೊದಲೇ ಹಡಗು ಹತ್ತಿ ಹೋಗಿ ಇವನ ದಂಡು ಸೇರಿದ್ದ. ಇತ್ತ ಬರುವಾಗ ಬಿರುಗಾಳಿಗೆ ಸಿಕ್ಕಿ ಮುಳುಗಿದನೆಂದು ಮೊನ್ನೆ ಸುದ್ದಿ ಬಂತು. ಹೊರಟ ದಿನ ತಾಯಿ ಗ್ಯೂರಿದ್ ಹುಡುಗನ ಕಿವಿಯಲ್ಲಿ, ಪಕ್ಕದಲ್ಲಿದ್ದ ಗಂಡನಿಗೆ ಮಾತ್ರ ಕೇಳುವಂತೆ, "ನೀ ಬರೋ ತನಕ ರಾತ್ರಿ ಬಾಗಿಲಿಗೆ ಅಗಣಿ ಹಾಕಲ್ಲ ಕಂದಾ," ಎಂದಿದ್ದಳು. ಇವತ್ತಿಗೂ ಹಾಕಿಲ್ಲ, ಪಾಪ.

ಗಡ್ಡದ ಹಾರೆಕ್ ಕಟ್ಟೆಯೇರಿ ನಿಂತ. ಹಾಲ್‌ಕೆಲ್ ಕೋಲೂರಿಕೊಂಡು ಎದುರಿಗೆ ಹೋದ.

"ನನ್ನ ಮಗನ್ನ ನುಂಗಿದೆಯಲ್ಲೋ! ಅವನ ಹೆಣ ಎಲ್ಲಿ?"

ಹಾರೆಕ್ ಮುಖ ತಗ್ಗಿಸಿದ. "ಹೆಣ ಸಿಗಲ್ಲ, ಅಜ್ಜ. ನಿಮ್ಮ ಮಗ ಇನ್ನು ಬರಲ್ಲ. ಆ ತಾಯಿಗೆ ಹೇಳಿ, ರಾತ್ರಿ ಅಗಣಿ ಹಾಕ್ಕೊಂಡು ಮಲಗಲಿ."

ಹಾಲ್‌ಕೆಲ್‌ನ ಕೋಲು ಕೈಜಾರಿ ಬಿತ್ತು. ಆ ಮುಖವನ್ನೇ ನೋಡುತ್ತ ನಿಂತ. "ಮುದುಕನಿಗೆ ಸಿಟ್ಟು ನೆತ್ತಿಗೇರ್ತು," ಎನ್ನುತ್ತ ಓನುಂಡ್ ಕೊಡಲಿಯ ಕಾವು ಹಿಡಿದುಕೊಂಡ.

"ನೀನು ಯಾರ ಮಗ?" ಹಾಲ್‌ಕೆಲ್ ಕೇಳಿದ. ಅದು ಪದ್ಧತಿ, ಕೇಳಲೇಬೇಕು.

"ಸತ್ತ ರಾಜನ ಮಗ."

"ಹೌದು," ಎಂದ ಹಾಲ್‌ಕೆಲ್, ಕೊನೆಯ ಸಾಲಿನವರಿಗೂ ಕೇಳುವಂತೆ. "ರಾಜನ ಮಗನೇ. ನಿನಗೆ ರಾಜನ ಹೆಸರು ಕೊಟ್ಟಿದ್ದೇನೆ."

ಗುರಾಣಿಗಳು ಗುಡುಗಿದವು. ಓನುಂಡ್ ನೆಲಕ್ಕೆ ಉಗಿದ. "ಥೂ! ಮಗನ್ನ ತಿಂದವನಿಗೇ ಹೆಸರು ಕೊಟ್ಯಲ್ಲೋ! ನಿಂದೇನು ಕರುಳೋ, ಕಲ್ಲೋ?"

ಹಾಲ್‌ಕೆಲ್ ತಿರುಗಿ ನೋಡದೆ ನಡೆದ. ಸಭೆ ದಾಟುವ ತನಕ ಅಳುವಂತಿರಲಿಲ್ಲ. ಗ್ಯೂರಿದ್‌ಗೆ ಅಗಣಿ ಹಾಕೆಂದು ಹೇಗೆ ಹೇಳುವುದೋ ತಿಳಿಯದು.

ಕಡಲಲ್ಲಿ ಮುಳುಗಿದ್ದವನು ಹಾರೆಕ್. ಕಟ್ಟೆಯ ಮೇಲೆ ನಿಂತವನನ್ನು ಹುಟ್ಟಿದ ದಿನ ತೊಡೆಯ ಮೇಲಿಟ್ಟುಕೊಂಡು, ನೀರು ಚಿಮುಕಿಸಿ, ಹಾಲ್‌ಕೆಲ್ ಇಟ್ಟಿದ್ದ ಹೆಸರು ಕೊಲ್‌ಬೆನ್.