ಹನ್ನೊಂದು ಸಲ ಶೇಷಾದ್ರಿ

"ಏ ಶೇಷಾದ್ರೀ!"

ನೀಲಾಬಾಯಿ ಕೂಗಿದ ಕೂಗಿಗೆ ಸ್ಯಾನ್ ಫ್ರಾನ್ಸಿಸ್ಕೋದ ಕಡಲಕಟ್ಟೆಯ ಮೇಲೆ ಕೂತಿದ್ದ ನಾಲ್ಕು ಹಕ್ಕಿ ಎದ್ದು ಹಾರಿಹೋದವು. ಐಸ್‌ಕ್ರೀಮು ನೆಕ್ಕುತ್ತಿದ್ದ ಶರಣಪ್ಪನವರ ಕೈ ಅಲ್ಲೇ ನಿಂತಿತು. ಮದುವೆಯಾಗಿ ನಲವತ್ತೊಂದು ವರ್ಷ. ಈ ಹೆಂಗಸಿನ ಗಂಟಲಲ್ಲಿ ಇಷ್ಟು ದೊಡ್ಡ ದನಿ ಇದೆಯೆಂದಾಗಲಿ, ಒಬ್ಬ ಗಂಡಸಿನ ಹೆಸರು ಇಷ್ಟು ಸಲೀಸಾಗಿ ಅದರಿಂದ ಹೊರಡುತ್ತದೆಂದಾಗಲಿ ಅವರಿಗೆ ಗೊತ್ತೇ ಇರಲಿಲ್ಲ. ಅವರನ್ನು ಆಕೆ ಕರೆಯುವುದು "ರೀ" ಅಂತ. ಬಹಳ ಅಂದರೆ "ಸುಮನ್‌ನ ಅಪ್ಪಾ".

ಬಿಳಿ ಬೂಟು, ಕೆಂಪು ಟೋಪಿ ಹಾಕಿಕೊಂಡಿದ್ದ ಮುದುಕನೊಬ್ಬ ತಿರುಗಿ ನೋಡಿ ಎರಡೂ ಕೈ ಎತ್ತಿದ. "ಅಯ್ಯಯ್ಯ, ನೀಲಾ! ನೀ ಇಲ್ಲೆಲ್ಲಿ?" ಕಲಬುರಗಿಯ ಟೀಚರ್ಸ್ ಟ್ರೇನಿಂಗಿನಲ್ಲಿ ಇಬ್ಬರೂ ಒಂದೇ ಕ್ಲಾಸಂತೆ. ಈಗ ಇಲ್ಲೇ ಹತ್ತಿರದ ಎವರ್‌ಗ್ರೀನ್ ಬಡಾವಣೆಯಲ್ಲಿ ಮಗಳ ಮನೆಗೆ ಬಂದಿದ್ದಾನಂತೆ. ಕಾಲು ಗಂಟೆ ನಗುವೋ ನಗು. "ಸಾಹೇಬ್ರ, ನೀವೂ ಬರ್ರಿ" ಎಂದು ಕರೆದು ಶೇಷಾದ್ರಿ ಕೈ ಉದ್ದ ಮಾಡಿ ಸೆಲ್ಫಿ ತೆಗೆದ. ಅದರಲ್ಲಿ ಶರಣಪ್ಪನವರದು ಒಂದು ಕಿವಿ ಮಾತ್ರ ಬಂತು. ಆಮೇಲೆ ಮಗಳು ಕಾರಿನಲ್ಲಿ ಕಾಯುತ್ತಿದ್ದಾಳೆಂದು ಅವನು ಹೊರಟುಹೋದ. ಹೋದ ಅನ್ನುವುದು ಬರೀ ಮಾತಿಗೆ. ಮನುಷ್ಯ ಹೋದ, ಹೆಸರು ಹೋಗಲಿಲ್ಲ.

"ಶೇಷಾದ್ರಿ ಆವಾಗ ನಾಟಕದಾಗ ರಾಜನ ಪಾರ್ಟ್ ಮಾಡ್ತಿದ್ದ ನೋಡ್ರಿ" ಎಂದರು ನೀಲಾಬಾಯಿ, ಟ್ರ್ಯಾಮಿನಲ್ಲಿ ಕೂತು. ದೂರದಲ್ಲಿ ಮಂಜಿನಿಂದ ಸೇತುವೆಯ ಎರಡು ಕೆಂಪು ಕಂಬ ಮೇಲೆದ್ದಾಗ, "ಶೇಷಾದ್ರಿ ಇದ್ದಿದ್ರ ಇದರ ಮ್ಯಾಲ ನಿಂತಲ್ಲೇ ಪದ್ಯ ಕಟ್ತಿದ್ದ" ಎಂದರು. ಶರಣಪ್ಪನವರು ಬೆರಳಿನ ಗೆಣ್ಣು ಎಣಿಸುತ್ತಿದ್ದರು. ಸೇತುವೆಗೆ ಆರು. ಊಟಕ್ಕೆ ಕೂತಾಗ ಒಂಬತ್ತು. ಕಡಲಸಿಂಹಗಳೆಂಬ ದಡೂತಿ ಪ್ರಾಣಿಗಳು ಮಲಗಿದ್ದ ತೇಲುಹಲಗೆಗಳ ಹತ್ತಿರ ಬರುವಷ್ಟರಲ್ಲಿ ಹನ್ನೊಂದು. ಅಲ್ಲಿ ಒಂದು ದಪ್ಪ ಗಂಡು ಇನ್ನೊಂದನ್ನು ಎದೆಯಿಂದ ದಬ್ಬಿ ದಬ್ಬಿ ನೀರಿಗೆ ಕೆಡವಿತು. ಇಡೀ ದಿನ ನೋಡಿದ್ದರಲ್ಲಿ ಶರಣಪ್ಪನವರಿಗೆ ಮನಸ್ಸಿಗೆ ಬಂದದ್ದು ಅದೊಂದೇ.

"ಯಾಕ್ರಿ, ಮಾತೇ ಇಲ್ಲ? ಥಂಡಿ ಆಗ್ಯಾದೇನು?"

"ನೀ ಮಾತಾಡ್ಲಿಕ್ಕತ್ತೀಯಲ್ಲ, ಸಾಕು. ನಾ ಬಾತ್‌ರೂಮಿಗೆ ಹೋಗಿ ಬರ್ತೀನಿ."

ಮೂರು ಗಂಟೆಯ ದೋಣಿಗೆ ಮಗಳು ಸುಮನ್ ಟಿಕೆಟ್ ಮಾಡಿಸಿ, ಇಬ್ಬರ ಪಾಸ್‌ಪೋರ್ಟನ್ನೂ ತಾಯಿಯ ಚೀಲದಲ್ಲಿಟ್ಟು, "ಇಡೀ ಊರು ದೋಣಿಯಿಂದ ಕಾಣ್ತದ, ಮಿಸ್ ಮಾಡ್ಕೋಬ್ಯಾಡ್ರಿ" ಎಂದು ಕಳಿಸಿದ್ದಳು. ಶರಣಪ್ಪನವರು ವಾಪಸು ಬಂದಾಗ ಜನ ಹತ್ತತೊಡಗಿದ್ದರು. ನೀಲಾಬಾಯಿ ಸಾಲಿನಿಂದ ಆಚೆ ಬಂದು ಕತ್ತು ಚಾಚಿ ಚಾಚಿ ನೋಡುತ್ತಿದ್ದರು. ಹತ್ತು ಹೆಜ್ಜೆ ಹಾಕಿದ್ದರೆ ಮುಗಿಯುತ್ತಿತ್ತು. ಶರಣಪ್ಪನವರು ಹಾಕಲಿಲ್ಲ. ಟೀ ಶರ್ಟು ನೇತುಹಾಕಿದ್ದ ಅಂಗಡಿಯ ಹಿಂದೆ ಸರಿದು ನಿಂತುಬಿಟ್ಟರು. ಕರಿ, ನೋಡೋಣ. ಅಂವನ್ನ ಕರೆದಂಗ ನನ್ನನ್ನೂ ಒಮ್ಮೆ ಕರಿ.

"ರೀ..." ಎಂದರು ನೀಲಾಬಾಯಿ. ಫೋನು ಮಾಡಿದರು. ಶರಣಪ್ಪನವರ ಫೋನು ಆಕೆಯ ಚೀಲದಲ್ಲೇ ಬಡಿದುಕೊಂಡಿತು. "ಸುಮನ್‌ನ ಅಪ್ಪಾ! ಇಲ್ಲಿ ಬರ್ರೀ!" ದೋಣಿ ಒಮ್ಮೆ ಕೂಗಿತು. ಶರಣಪ್ಪನವರು ಟೀ ಶರ್ಟಿನ ತೋಳಿನ ಸಂದಿಯಿಂದ ಹೆಂಡತಿಯ ಬಾಯನ್ನೇ ನೋಡುತ್ತಿದ್ದರು. ಬಾಯಿ ತೆರೆಯಿತು, ಹಾಗೇ ಮುಚ್ಚಿಕೊಂಡಿತು. ಆಮೇಲೆ ಆಕೆ ಸೆರಗು ಸೊಂಟಕ್ಕೆ ಸಿಗಿಸಿ ಟಿಕೆಟ್ ಕಿಟಕಿಯತ್ತ ಓಡಿದರು.

ಒಳಗಿದ್ದ ಹುಡುಗಿ ಏನೋ ಕೇಳಿದಳು. ನೀಲಾಬಾಯಿ ಚೀಲದಿಂದ ಕೈಗೆ ಮೊದಲು ಸಿಕ್ಕ ತಮ್ಮ ಪಾಸ್‌ಪೋರ್ಟ್ ತೆಗೆದು, ಗಂಡನ ಹೆಸರು ಅಚ್ಚಾಗಿದ್ದ ಕೊನೆಯ ಪುಟ ಬಿಚ್ಚಿ, ಆ ಸಾಲಿನ ಕೆಳಗೆ ಬೆರಳೊತ್ತಿ ಹಿಡಿದರು. ಮರುಕ್ಷಣ ಕಟ್ಟೆಯ ಮೇಲಿನ ಮೈಕುಗಳೆಲ್ಲ ಒಟ್ಟಿಗೆ "ಮಿಸ್ಟರ್ ಶರಣಪ್ಪ, ಮಿಸ್ಟರ್ ಶರಣಪ್ಪ" ಎಂದವು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿ, ತಪ್ಪಿಸಿಕೊಂಡವರ ಹೆಸರನ್ನು ಮೈಕಿನಲ್ಲಿ ಕೂಗಿದ್ದ ಮನುಷ್ಯ. ಈಗ ಅವರ ಹೆಸರೇ ಸಮುದ್ರಕ್ಕೆಲ್ಲ ಕೇಳಿಸಿತು. ಕೂಗಿದವಳು ಮಾತ್ರ ಯಾರೋ. ಕಳ್ಳನ ಹಾಗೆ ಮುಖ ಮಾಡಿಕೊಂಡು ಅವರು ಆಚೆ ಬರುವಷ್ಟರಲ್ಲಿ ದೋಣಿ ಕಟ್ಟೆ ಬಿಟ್ಟು ದೂರ ಹೋಗಿತ್ತು.

ನೀಲಾಬಾಯಿ ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತರು. ಬೆರಳು ಇನ್ನೂ ಪಾಸ್‌ಪೋರ್ಟಿನ ಪುಟದೊಳಗೇ ಇತ್ತು. "ಎಲ್ಲಿ ಬಿದ್ದಾರೋ, ಏನಾತೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು" ಎಂದರು.

"ಜೀವ ಬಂತು, ನನ್ನ ಹೆಸರು ಬರ್ಲಿಲ್ಲಲ್ಲ!" ಶರಣಪ್ಪನವರ ಬಾಯಿಂದ ಜಾರಿಯೇಬಿಟ್ಟಿತು. "ಬೆಳಿಗ್ಗೆ ಅಂವನ ಹೆಸರು ಹಿಡದು ಊರಿಗೆಲ್ಲ ಕೇಳೋಹಂಗ ಒದರಿದಿ. ಆಮ್ಯಾಲ ಸುದ್ದಾ ಬಿಡಲಿಲ್ಲ. ಹನ್ನೊಂದು ಸಲ, ಎಣಿಸೀನಿ ನಾ."

ನೀಲಾಬಾಯಿ ಗಂಡನ ಮುಖವನ್ನೂ, ಹಿಂದಿನ ಟೀ ಶರ್ಟಿನ ಅಂಗಡಿಯನ್ನೂ ಒಂದು ಸಲ ನೋಡಿದರು. ಎಲ್ಲ ತಿಳಿಯಿತು. ಪಾಸ್‌ಪೋರ್ಟ್ ಮಡಚಿ ಚೀಲಕ್ಕೆ ಹಾಕಿಕೊಂಡರು.

"ಹೆಸರು ಹಿಡದು ಕರದ್ರ ಆಯುಷ್ಯ ಸವೀತದಂತ ನಮ್ಮವ್ವ ಹೇಳ್ಯಾಳ. ಅಂವಂದು ಸವದ್ರ ನನಗೇನ್ರಿ?"

ಶರಣಪ್ಪನವರು ಹೆಂಡತಿಯ ಪಕ್ಕ ಕೂತರು. ದೋಣಿ ಸೇತುವೆಯ ಕೆಳಗೆ ಅಗುಳಿನಷ್ಟಾಗುವವರೆಗೂ ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಆಚೀಚೆ ಯಾರಾದರೂ ಕನ್ನಡದವರು ಇದ್ದಾರೇನೋ ಎಂದು ನೋಡಿಕೊಂಡು, ಆಕೆಯ ಕಿವಿಯ ಹತ್ತಿರ ಬಾಗಿದರು.

"ಹಂಗಾರ, ಇನ್ನೊಂದು ನಾಕು ಸಲ ಹೇಳು ಅಂವನ ಹೆಸರು."